ಇತ್ತ ಒಂಚೂರು ನೋಡಪ್ಪ

ಅಮ್ಮನಿಗೆ ಎಲ್ಲಕ್ಕೂ ದೇವರೇ ಬೇಕು.
ನೆಂದ ಪೊಟ್ಟಣದ ಕಡ್ಡಿ ಗೀರುವಾಗ,
ಬಲೆಯ ಸಿಕ್ಕು ಬಿಡಿಸುವಾಗ,
ತಡಿಕೆಯ ಮೇಲೆ ಒಣಹಾಕಿದ ಉಸಿಪಾ ಮೀನಿಗೆ
ಕಾಗೆ ಎರಗಿದಾಗ ಕೂಡ:
"ಮುಲುಂಗು, ಇತ್ತ ಒಂಚೂರು ನೋಡಪ್ಪ."

ನಾನು ನಗುತ್ತಿದ್ದೆ,
ಅವನಿಗೇನು ಬೇರೆ ಕೆಲಸವಿಲ್ಲವೇ?
"ಕರೆದು ಅಭ್ಯಾಸವಿರಲಿ ಕಣೇ.
ಬಾಯಿ ಒಣಗಿದ ದಿನ
ಹೆಸರು ಹುಡುಕುತ್ತ ಕೂರಬಾರದು."

ಮ್ವೇರಾ ಗಾಳಿ ಎದ್ದ ರಾತ್ರಿ
ಅಣ್ಣ ಲಿಂಬಾನಿಯ ದೋಣಿ ಲಿಕೋಮಾಕ್ಕೆ ಮರಳಲಿಲ್ಲ.
ಸರೋವರ ಕಡಲಿನ ವೇಷ ಹಾಕಿತ್ತು.
ದ್ವೀಪವೆಲ್ಲ ಎದೆ ಬಡಿದುಕೊಂಡು
ದೊಡ್ಡ ದೊಡ್ಡ ಪ್ರಾರ್ಥನೆ ಮಾಡಿತು.
ಅಮ್ಮ ಬಾವೊಬಾಬ್ ಮರದ ಬುಡಕ್ಕೆ ಲಾಂದ್ರ ಒಯ್ದು
ಕೇಳಿದ್ದು ಇಷ್ಟೇ:
"ಈ ಕಡ್ಡಿ ಹತ್ತಲಿ."

ಹತ್ತಿತು.

ಮೂರನೆಯ ದಿನ ಬರೀ ಹುಟ್ಟು ದಡ ಸೇರಿತು.
ಹಿಡಿಗೆ ಅವನು ಸುತ್ತಿದ್ದ ನೀಲಿ ಚಿಂದಿ
ಬಿಚ್ಚಿರಲಿಲ್ಲ.

ಅಮ್ಮ ಏಳು ದಿನ
ಮುಲುಂಗುವಿನೊಡನೆ ಮಾತು ಬಿಟ್ಟಳು.

ಎಂಟನೆಯ ಬೆಳಗು ಬಲೆ ಹೊಲಿಯುವ ಸೂಜಿ ಕಳೆಯಿತು.
ಮೊಣಕಾಲೂರಿ ಮರಳು ಸವರುತ್ತ
ಒಡಕು ದನಿಯಲ್ಲಿ, ತುಸು ಸಿಟ್ಟಿನಲ್ಲೇ
"ಇದನ್ನಾದರೂ ಕೊಡು" ಎಂದಳು.

ನಾನು ನಗಲಿಲ್ಲ.
ಪಕ್ಕ ಕೂತು
ಬೊಗಸೆ ಬೊಗಸೆ ಮರಳು ಸೋಸಿದೆ.