ಪಟ್ಟಿಯಿಂದ ಹೆಸರು ತೆಗೆಯುವ ಬಗ್ಗೆ

ಸಭಾಪಾಲಕರಿಗೂ ಹಿರಿಯರಿಗೂ
ಮಲ್ಪೆ ದಕ್ಕೆಯ ಹಿಂದಿನ ಓಣಿಯಿಂದ
ಸುಗುಣಾವತಿ ಅಮ್ಮಣ್ಣ ಮಾಡುವ ವಂದನೆ.

ಬಡವರ ನಿಧಿಯ ಪಟ್ಟಿಯಲ್ಲಿ ಹನ್ನೊಂದನೆಯದು ನನ್ನ ಹೆಸರು.
ಈ ತಿಂಗಳಿಂದ ಅದನ್ನು ಹೊಡೆದುಹಾಕಬೇಕಾಗಿ ವಿನಂತಿ.
ಕಾರಣ ಬರೆಯಬೇಕಂತೆ. ಬರೆಯುತ್ತೇನೆ.

ನನ್ನವರು ಐಸ್ ಪ್ಲಾಂಟಿನಲ್ಲಿ ಉಸಿರುಕಟ್ಟಿ ಹೋದ ವರ್ಷ
ನೀವೇ ಮನೆಗೆ ಬಂದು ಹೆಸರು ಬರೆದುಕೊಂಡಿರಿ.
ತಿಂಗಳ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ,
ಬಾಗಿಲ ಪಕ್ಕದ ಮೇಜಿನಲ್ಲಿ ಕಂದು ಲಕೋಟೆ.
ಆರು ವರ್ಷ, ಎಪ್ಪತ್ತೆರಡು ಸಹಿ.
ಮೊದಲಿನವು ನಡುಗಿದ್ದವು;
ಬರಬರುತ್ತ ನನ್ನ ಸಹಿ ಎಷ್ಟು ಚಂದವಾಯಿತೆಂದರೆ
ನನಗೇ ಹೆದರಿಕೆಯಾಯಿತು.

ಆ ದುಡ್ಡಿನ ಋಣ ಸಣ್ಣದಲ್ಲ.
ಅದರಲ್ಲಿ ಕುಚ್ಚಲಕ್ಕಿ ಬೆಂದಿದೆ, ಮಗಳ ಕನ್ನಡಕ ಬಂದಿದೆ,
ಒಮ್ಮೆ, ಹೇಳಿಬಿಡುತ್ತೇನೆ, ಒಂದು ಪೌಡರ್ ಡಬ್ಬಿಯೂ.
ಆ ಭಾನುವಾರ ಒಬ್ಬರು ನನ್ನ ಮುಖ ನೋಡಿದ್ದು
ಮಾರ್ಕೆಟಿನಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ.

ಇದಿನಬ್ಬ ಬ್ಯಾರಿ ಟಾರ್ಪಾಲು ಹೊಲಿಯುವವರು.
ಮಳೆಗಾಲಕ್ಕೆ ಬೋಟುಗಳು ದಡ ಸೇರುವ ಮುಂಚೆ
ಅವರಿಗೆ ಕೈ ಸಾಲದು. ಹೋಗಿ ಕೇಳಿದೆ.
"ನಿನ್ನ ಬೆರಳು ಈ ಸೂಜಿಗೆ ತಡೆದೀತಾ?" ಎಂದರು.
ತಡೆಯಲಿಲ್ಲ.
ನೀಲಿಯ ಮೇಲೆ ರಕ್ತ ಕಪ್ಪಾಗಿ ಕಾಣುತ್ತದೆ, ಗೊತ್ತೇ?
ಅಂಗೈಗೆ ಚರ್ಮದ ಪಟ್ಟಿ ಕಟ್ಟಿ ಅವರು ಕಲಿಸಿದ್ದು ಇಷ್ಟೇ:
ಹೊಲಿಗೆಯನ್ನು ಮೇಲಿಂದ ನೋಡಬೇಡ,
ಒಂದು ಕೊಡ ನೀರು ಹೊಯ್ದು ಕೆಳಗೆ ಕೂತು ನೋಡು.

ಕೆಳಗೆ ಕೂತು ನೋಡುವುದು ನನಗೆ ಮೊದಲೇ ಬರುತ್ತಿತ್ತು.

ಗುಡಾರ ಹೊಲಿದು ಹೊಟ್ಟೆ ಹೊರೆದ ಅಪೊಸ್ತಲನ ಕುರಿತು
ಎಷ್ಟೋ ಸಲ ಪ್ರಸಂಗ ಮಾಡಿದ್ದೀರಿ, ಅಯ್ಯನವರೇ.
ಅವನು ಯಾರಿಗೂ ಭಾರವಾಗಲಿಲ್ಲ ಎಂದಿರಿ.
ಅವನಿಗೆ ಬೆನ್ನು ನೋಯುತ್ತಿತ್ತೆಂದು ಹೇಳಲಿಲ್ಲ.
ಮೇಣ ಹಚ್ಚಿದ ದಾರದ ವಾಸನೆ
ಕೈ ಜೋಡಿಸಿದಾಗ ಮೂಗಿಗೇ ಬರುತ್ತದೆ;
ಅವನಿಗೂ ಬಂದಿರಬೇಕು.

ಮೊದಲ ಕೂಲಿಯನ್ನು ಮೂರು ಸಲ ಎಣಿಸಿದೆ.
ಇನ್ನು ನನಗೆ ಯಾರ ಹಂಗೂ ಇಲ್ಲ, ಎಂದು ಜೋರಾಗಿ ಅಂದೆ.
ಗೋಡೆ ಕೇಳಿಸಿಕೊಂಡಿತು.
ಗೋಡೆಯಾಚೆ ವಾರಿಜಳ ಗಂಡ ಕೆಮ್ಮುತ್ತಿದ್ದ.
ದಿನಾ ಕೆಮ್ಮುವವನೇ.
ನನ್ನ ಹೊಟ್ಟೆ ಖಾಲಿಯಿದ್ದಷ್ಟು ದಿನ ಅದು ಬರೀ ಸದ್ದು;
ಉಂಡು ಮಲಗಿದ ಆ ರಾತ್ರಿ
ಅದು ನನ್ನನ್ನು ಹೆಸರು ಹಿಡಿದು ಕರೆಯಿತು.
ಕಿವಿಗೆ ದಿಂಬು ಒತ್ತಿಕೊಂಡೆ. ನಿಜ ಹೇಳುತ್ತೇನೆ,
ಎರಡು ವಾರ ಒತ್ತಿಕೊಂಡೆ.

ವಾರಿಜ ನಮ್ಮ ಸಭೆಯವಳಲ್ಲ,
ಯಾರ ಪಟ್ಟಿಯ ಯಾವ ನಂಬ್ರದಲ್ಲೂ ಅವಳಿಲ್ಲ.
ಈಗ ಪ್ರತಿ ಶನಿವಾರ ಅವನ ಮಾತ್ರೆ ತರುತ್ತೇನೆ;
ಬೂತಾಯಿಯ ಚೀಲದ ಅಡಿಗಿಟ್ಟು
ಹಿತ್ತಿಲ ಬಾಗಿಲಿಂದ ಕೊಡುತ್ತೇನೆ.
ಸಹಿ ಕೇಳುವುದಿಲ್ಲ.
"ಲೆಕ್ಕ ಬರೆದಿಡು, ತೀರಿಸುತ್ತೇನೆ" ಎನ್ನುತ್ತಾಳೆ.
ಆಗಲಿ ಎನ್ನುತ್ತೇನೆ, ಅವಳ ಮರ್ಯಾದೆ ಅವಳದು.
ನನ್ನ ಮನೆಯಲ್ಲಿ ಪೆನ್ನಿಲ್ಲ, ಅಷ್ಟೆ.
ಇದನ್ನು ಬರೆಯುತ್ತಿರುವುದು ಮಗಳ ಪೆನ್ನಿನಲ್ಲಿ.

ಆದ್ದರಿಂದ ಹನ್ನೊಂದನೇ ಸಾಲು ಖಾಲಿ ಮಾಡಿ.
ಕೆರೆದು ತೆಗೆಯಬೇಡಿ, ಬಿಳಿ ಬಳಿಯಬೇಡಿ,
ಒಂದೇ ಒಂದು ಗೆರೆ ಎಳೆಯಿರಿ,
ಅಡಿಯಲ್ಲಿ ಹೆಸರು ಓದಲು ಬರುವ ಹಾಗೆ.
ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದ ದಿನ
ಮತ್ತೆ ಬಂದೇನು. ಆಗ ತಲೆ ತಗ್ಗಿಸುವುದಿಲ್ಲ.

ಇನ್ನೊಂದು ವಿಷಯ.
ದೇವಾಲಯದ ಪಡುಬದಿಯಲ್ಲಿ, ಚಪ್ಪಲಿ ಬಿಡುವಲ್ಲಿ,
ಕಟ್ಟಿದ ಟಾರ್ಪಾಲು ಮೂಲೆಯಲ್ಲಿ ಹರಿದಿದೆ.
ಕೊನೆಯ ಲಕೋಟೆಗೆ ಕಾಯುತ್ತ ನಿಂತಾಗ
ಹನಿ ನನ್ನ ನೆತ್ತಿಗೇ ಬಿತ್ತು.
ಗುರುವಾರ ಬರುತ್ತೇನೆ. ದಾರ ನನ್ನದೇ, ಕೂಲಿ ಬೇಡ.
ಏಣಿ ಮಾತ್ರ
ಯಾರಾದರೂ ಹಿಡಿದುಕೊಳ್ಳಬೇಕು.