ನಡುವೆ ನಿಲ್ಲುವ ಹಾಡು

ವಾಲ್ಪರೈಸೊದ ಗುಡ್ಡದ ಮೆಟ್ಟಿಲ ಕೆಳಗೆ
ಒಂದು ಮಂಚದಷ್ಟೇ ಅಗಲ ನನ್ನ ಅಂಗಡಿ.
ಬಿದ್ದ ಫೋನು, ನೆನೆದ ಫೋನು,
ಮಗು ಕಚ್ಚಿದ ಟ್ಯಾಬು, ಗಂಡ ಎಸೆದ ಟ್ಯಾಬು,
ಯಾವುದು ಬಂದರೂ ಮೊದಲು ಕಿವಿಗಿಟ್ಟು ಕೇಳುತ್ತೇನೆ.
ವೈದ್ಯನೇನಲ್ಲ, ಅಭ್ಯಾಸ.

ಜೂನಿನ ಒಂದು ಬೆಳಿಗ್ಗೆ ಬೇಕರಿಯ ಎದೂವಿನಾ ಬಂದಳು
ಮೊಣಕೈವರೆಗೂ ಹಿಟ್ಟು.
"ಇದಕ್ಕೆ ಮೂರ್ಛೆರೋಗ ಕಣೋ ಬಲ್ತಸಾರ್.
ನಾಲ್ಕೂವರೆಗೆ ಹಿಟ್ಟಿನ ಮುಂದೆ ನಿಲ್ಲುತ್ತೇನೆ, ಹಾಡು ಹಚ್ಚುತ್ತೇನೆ,
ಅವನು 'ಹೋಗಬೇಡ' ಅಂತ ಬಾಯಿ ತೆಗೆಯುತ್ತಾನೆ,
'ಹೋಗ' ಅನ್ನುವಷ್ಟರಲ್ಲಿ ಗಪ್‌ಚಿಪ್.
ಮೂಗಿನ ತುದಿಯಿಂದ ಒತ್ತಿ ಮತ್ತೆ ಹಚ್ಚುತ್ತೇನೆ.
ಮತ್ತೆ ಗಪ್‌ಚಿಪ್.
ನಾದವಿಲ್ಲದೆ ನಾದುವುದು ಹೇಗೋ?"

ಬಿಚ್ಚಿದೆ. ಸ್ಪೀಕರಿನ ಜಾಲರಿಯಲ್ಲಿ
ಎರಡು ವರ್ಷದ ಮೈದಾ ಗಟ್ಟಿಕಟ್ಟಿತ್ತು.
ಹಳೇ ಬ್ರಷ್ಷಿನಿಂದ ಕೆರೆದೆ,
ಇರುವೆಯ ಮದುವೆಗೆ ರೊಟ್ಟಿ ತಟ್ಟುವಷ್ಟು.
ಆದರೆ ರೋಗ ಅದಲ್ಲ.

ಪರದೆಯ ಅಡಿಗೆ, ಅವಳು ಎಂದೂ ಓದದ ಜಾಗದಲ್ಲಿ
ಹಸಿರು ಅಕ್ಷರದ ಒಂದು ಸಾಲು:
ಈಗ ನುಡಿಯುತ್ತಿರುವುದು ಒತೀಲಿಯಾಳ ಟ್ಯಾಬಿನಲ್ಲಿ.

"ಒತೀಲಿಯಾ ಯಾರು?"
ಏಪ್ರನ್ನಿಗೆ ಕೈ ಒರೆಸಿದಳು, ಒರೆಸುತ್ತಲೇ ಇದ್ದಳು.
"ತಂಗಿ. ಪುಂತಾ ಅರೆನಾಸ್‌ನಲ್ಲಿದ್ದಾಳೆ, ನೆಲ ಮುಗಿಯುವ ಕಡೆ.
ಅಪ್ಪನ ಅಕಾರ್ಡಿಯನ್ ಮಾರಿದಳು, ನನಗೊಂದು ಮಾತು ಹೇಳದೆ.
ಒಂಬತ್ತು ವರ್ಷ."

ಖಾತೆಯ ದುಡ್ಡು ಕಟ್ಟುವವಳು ತಮ್ಮನ ಮಗಳಂತೆ.
ಇಬ್ಬರು ಅತ್ತೆಯರಿಗೂ ಒಂದೇ ಪಾಸ್‌ವರ್ಡ್ ಕೊಟ್ಟು
ಇಬ್ಬರಿಗೂ ಹೇಳದೆ ಕೂತಿದ್ದಾಳೆ, ಜಾಣೆಯೋ, ಜುಗ್ಗಿಯೋ.
ಒಂದು ಖಾತೆಗೆ ಒಂದು ಹೊತ್ತಿಗೆ ಒಂದೇ ಕೊರಳು.

ಎದೂವಿನಾ ಬೆರಳು ಎಣಿಸಿದಳು:
ಇಲ್ಲಿ ನಾಲ್ಕೂವರೆ ಅಂದರೆ ಚಳಿಗಾಲಕ್ಕೆ ಅಲ್ಲಿ ಐದೂವರೆ,
ಏಡಿ ಕಾರ್ಖಾನೆಗೆ ಹೊರಡುವ ಹೊತ್ತು.
"ಹಾಗಾದರೆ ಅವಳ ಹಾಡನ್ನು ನಾನೂ ನಿಲ್ಲಿಸುತ್ತೇನಾ?"
"ನೀವು ಮೂಗಿನಿಂದ ಒತ್ತಿದಾಗಲೆಲ್ಲ."
ತುಟಿಯ ಒಂದು ಮೂಲೆ ಮೇಲೆ ಹೋಯಿತು.

ಬೇಕಿದ್ದರೆ ಆ ಟ್ಯಾಬನ್ನು ಹೊರಗೆ ಹಾಕಬಹುದು ಅಂದೆ,
ಒಂದು ಗುಂಡಿಯ ಕೆಲಸ.
"ಹಿಟ್ಟು ತೆಗೆದೆಯಲ್ಲ,
ಅದಕ್ಕೆಷ್ಟು?"

ಆಗಸ್ಟಿನಲ್ಲಿ, ಮಂಜು ಬಂದರನ್ನು ನುಂಗಿದ್ದ ದಿನ,
ನಾನು ಶಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು.
"ಕೆಟ್ಟಿದೆ."
"ಏನಾಗಿದೆ?"
"ನಾಲ್ಕು ದಿನದಿಂದ ನಿಲ್ಲುತ್ತಿಲ್ಲ.
ಹಾಡು ಪೂರ್ತಿ ಆಗುತ್ತೆ. ಇನ್ನೊಂದು ಬರುತ್ತೆ, ಅದೂ ಪೂರ್ತಿ.
ರಿಪೇರಿ ಮಾಡು."

ನನ್ನಲ್ಲಿ ಹನ್ನೊಂದು ಬಗೆಯ ಸ್ಕ್ರೂಡ್ರೈವರ್ ಇವೆ.
ಸುಮ್ಮನೆ ಬಿಚ್ಚಿದೆ, ಊದಿದೆ, ಮುಚ್ಚಿದೆ.
ಫೋನ್ ಮಾಡಬಹುದಲ್ಲ, ಅಂದೆ,
ಅದು ಫೋನೂ ಹೌದೆಂದು ನೆನಪಿಸುವವನಂತೆ.
ಅವಳು ಮಂಜನ್ನು ನೋಡಿದಳು.

ಕೌಂಟರಿನ ಮೇಲೆ ಹಾಡು ಹಚ್ಚಿಟ್ಟು ಕೂತೆವು.
ಹೋಗಬೇಡ, ಹೋಗಬೇಡ ಎಂದು ಅವನು
ಕೊನೆಯವರೆಗೂ ಬೇಡಿದ, ಎಷ್ಟೋ ಸಲ.
ಗಿರಾಕಿಗಳು ಬಂದರು, ಚಾರ್ಜರ್ ಕೊಂಡರು, ಚೌಕಾಸಿ ಮಾಡಿದರು.
ಅವಳು ಮಾತ್ರ ಜ್ವರದ ಹಣೆ ಮುಟ್ಟಿದಂತೆ
ಆಗಾಗ ಪರದೆ ಮುಟ್ಟುತ್ತಿದ್ದಳು.
ಮಧ್ಯಾಹ್ನ ಅವಳದೇ ಬ್ರೆಡ್ಡು ತಿಂದೆವು. ಉಪ್ಪು ಕಡಿಮೆಯಿತ್ತು.

ಐದು ದಾಟಿರಬೇಕು. ಹಾಡು
ಕತ್ತರಿ ಬಿದ್ದಂತೆ ನಿಂತಿತು.
ಹಸಿರು ಸಾಲು. ಒತೀಲಿಯಾ.
ಯಾವುದೋ ಕುಂಬಿಯಾ, ಪಡ್ಡೆ ಹುಡುಗರು ಕಾರಿನಲ್ಲಿ ಕಿರುಚಿಸುವಂಥದು.

ಎದೂವಿನಾ ಕನ್ನಡಕ ಏರಿಸಿ ಓದಿದಳು.
"ಥೂ, ಈ ವಯಸ್ಸಿಗೆ ಇಂಥ ಹಾಡು!"
ಮೂಗು ಒರೆಸಿಕೊಂಡಳು.
"ಅಪ್ಪನ ಕಿವಿ ಇವಳಿಗೆ ಬರಲೇ ಇಲ್ಲ."

ಬೆರಳು ಗುಂಡಿಯ ಹತ್ತಿರ ಹೋಗಿ ತಡೆಯಿತು.
ಮೂರು ನಿಮಿಷ ಹನ್ನೆರಡು ಸೆಕೆಂಡಿನ ಹಾಡು,
ನಮಗೆ ಕೇಳಿಸದ್ದು.
ಹಸಿರು ಗೆರೆ ಆ ತುದಿ ಮುಟ್ಟುವವರೆಗೂ ಕಾದಳು.

ಆಮೇಲೆ ಒತ್ತಿದಳು.