ನಳದ ಕಟ್ಟಿ ಲೆಕ್ಕ

ಮನಿಗೆ ಆರನೂರಾ ಐವತ್ತು.
ಹತ್ತೊಂಬತ್ತು ಮನಿ.
ಜಂಪರದ ಅಳತಿ ಬರಿಯೋ ನನ್ನ ವಹಿ
ಹಿಂದಿನಿಂದ ತಿರುವಿ
ಬೆಟಗೇರಿಯ ಈ ಓಣಿತುಂಬ ಹೆಸರು ಬರಕೊಂತ ಹೊಂಟೆ.

ಗಣಪತಸಾ ಬಾಕಳೆ ಮೊದಲ ಕೊಟ್ರು, ನೋಟು ಎರಡು ಸಲ ಎಣಿಸಿ.
ಮೂಲಿಮನಿ ಹನಮಕ್ಕ ಅರ್ಧಾ ಈಗ, ಅರ್ಧಾ ಪಂಚಮಿಗೆ ಅಂದ್ಲು.
ಕುಂದಗೋಳದವರು ಬಾಗಲಾ ತಗೀಲಿಲ್ಲ,
ಒಳಗ ಟೀವಿ ಮಾತ್ರ ಮಾತಾಡ್ತಿತ್ತು.
ಮಾಬುಬಿ ನೀಲಿ ಹತ್ತಿದ ಕೈ ಒರಸಿಕೊಂತ ಬಂದು
"ರೊಕ್ಕ ಇಲ್ಲವಾ. ಕೆಲಸ ಮುಗಿಯೋತನಕ
ಗೌಂಡಿಗೆ ಎರಡು ಹೊತ್ತು ರೊಟ್ಟಿ ನಂದು" ಅಂದ್ಲು.
ಅದನ್ನ ಯಾವ ಖಾನೇದಾಗ ಬರೀಬೇಕು ತಿಳೀಲಿಲ್ಲ.
ಜಮಾದಾಗ ಬರದೆ.

ಕಟ್ಟಿ ಅಂದ್ರ ಏನಿತ್ತು?
ಮೂರು ನಳ, ಒಂದಕ್ಕ ಸೈಕಲ್ ಟ್ಯೂಬಿನ ಪಟ್ಟಿ,
ಹಾವಸಿಗಟ್ಟಿದ ಫರ್ಸಿ,
ನಡುವ ಅರಿವಿ ಒಗಿಯೋ ಕಲ್ಲು,
ಅತ್ತಿ ಬಡದು, ಸೊಸಿ ಬಡದು,
ಬೋಗುಣಿಹಂಗ ತಗ್ಗು ಬಿದ್ದದ್ದು.
ಹನ್ನೊಂದು ದಿನಕ್ಕೊಮ್ಮೆ ನೀರು.
ಅವತ್ತು ರಾತ್ರಿ ಕೊಡಗೋಳು ಮೊದಲ ಪಾಳಿಗೆ ನಿಲ್ತಿದ್ದುವು,
ಮನಶ್ಯಾರು ಆಮ್ಯಾಲೆ.
ಗಟಾರ ನೋಡಿದ್ರ ಗೊತ್ತಾಗ್ತಿತ್ತು
ಯಾರ ಮಗ್ಗದ ಮ್ಯಾಲೆ ಯಾವ ಸೀರಿ ಐತಿ ಅಂತ.
ಒಂದು ಕಾಲಕ್ಕ.
ಈಗ ಎರಡೇ ಮನಿಯಾಗ ಲಟಕ್ ಪಟಕ್.

ಮೀಟಿಂಗಿನಾಗ ಬಿಳೀ ಟೈಲ್ಸು ಅಂತ ಆತು.
"ಬಿಳೀದರ ಮ್ಯಾಲೆ ಬಣ್ಣದ ನೂಲು ತೊಳೆದ್ರ?" ಯಾರೋ ಅಂದ್ರು.
ಎಲ್ಲಾರೂ ಚಾದ ಕಪ್ಪಿನೊಳಗ ನೋಡಿದ್ರು.
ಅಕ್ಷರ ಚೊಲೊ ಅದಾವಂತ ನನ್ನ ಕೈಯಾಗೇ ಬ್ರಶ್ ಕೊಟ್ರು.
ಇಲ್ಲಿ ಬಣ್ಣದ ನೂಲು ತೊಳೆಯಬಾರದು.
ಹಲಗಿ ಸಾಲದ ಕಡೀ ಅಕ್ಷರ ಸಣ್ಣಾತು,
ಮೂಲಿಗೆ ಒತ್ತಿಕೊಂಡು ನಿಂತ ಕೂಸಿನಂಗ.
ನಾ ಬರಿಯೋ ಹೊತ್ತಿಗೇ ಮಾಬುಬಿ ಬುಟ್ಟಿ ತಂದ್ಲು.
ಗೌಂಡಿ ಮೌಲಾಲಿಗೆ ರೊಟ್ಟಿ, ಗುರೆಳ್ಳು ಚಟ್ನಿ.
ನನಗೂ ಒಂದು ಕೊಟ್ಲು.
ಆಕಿ ಏಳನೇತ್ತ ಕಲ್ತಾಕಿ, ಓದಾಕ ಬರ್ತೈತಿ.
ಏನೂ ಅನಲಿಲ್ಲ.
ತಿಂದೆ.

ಬುಧವಾರ ಕಲ್ಲು ಕಿತ್ರು. ನಾಲ್ಕು ಮಂದಿ, ಎರಡು ಹಾರಿ.
ಮಗ್ಗಲಾ ಹೊರಳಿಸಿದ್ರ ಹೊಟ್ಟಿಮ್ಯಾಲೆ ಅಕ್ಷರ!
ಮೌಲಾಲಿ ಹಸಿ ತಟ್ಟಿಲೆ ಒರಸಿದ.
ಹುಬ್ಬಳ್ಳಿ ೩೬.
ಹಿರ್ಯಾರು ಯಾವ ಕತ್ತಲದಾಗ, ಯಾರ ಚಕ್ಕಡಿ ಕಟ್ಟಿ,
ಸರಕಾರದ ರಸ್ತೇದಿಂದ ಒಂದು ಮೈಲು ಕದ್ದು ತಂದಿದ್ರೋ!
ಆ ಮೈಲು ಇಲ್ಲೇ ಬೋರಲು ಬಿದ್ದು
ನಮ್ಮ ಅರಿವಿ ಬಡಿಸಿಕೊಂತ ಇತ್ತು.

"ಹೆಸರು ಕಾಣೋಹಂಗ ನಿಲ್ಲಸೂಣು, ಹಾರ ಹಾಕೂಣು" ಬಾಕಳೆ ಅಂದ್ರು.
"ಹುಬ್ಬಳ್ಳಿ ದಾರಿ ಕೇಳಾಕ ಈ ಓಣಿಗೆ ಯಾಂವ ಬರ್ತಾನ?
ನಾ ಕೌದಿ ಎಲ್ಲಿ ಒಗೀಲಿ, ನಿಮ್ಮ ಹಾರದ ಮ್ಯಾಲೇನು?"
ಹನಮಕ್ಕ ಸೊಂಟದ ಮ್ಯಾಲೆ ಕೈ ಇಟ್ಟಳು.
ತಗ್ಗು ಮ್ಯಾಲೆ, ಹುಬ್ಬಳ್ಳಿ ಕೆಳಗ.
ಇದ್ದಂಗೇ ಕುಂತಿತು ಕಲ್ಲು.

ನೀರು ಬಂತು ರಾತ್ರಿ ಎರಡೂವರಿಗೆ.
ಟೈಲ್ಸು ಹಾಲಿನಂಗ. ಹೊಸ ನಳ ತಿರುವಿದ್ರ ಕಿರ್ರ್ ಅನ್ನಲಿಲ್ಲ,
ಅದೇ ಒಂದು ಥರಾ ಅನಿಸ್ತು.
ಮಾಬುಬಿ ಎಲ್ಲಾರಂಗ ಒಂದು ಕೊಡ ತಂದ್ಲು, ತುಂಬಿದ್ಲು, ಹೋದ್ಲು.
ನೂಲು ತಂದಿರಲಿಲ್ಲ.

ನನ್ನ ಬಕೀಟಿನ್ಯಾಗ ಮದವಿಮನಿಯವರ ಜಂಪರದ ಅಸ್ತರ,
ಕೆಂಪ, ಹೊಲಿಯೋ ಮೊದಲ ನೆನಸಲೇಬೇಕು.
ಕಲ್ಲಿನ ಮ್ಯಾಲೆ ಹಿಂಡಿದೆ.
ಹರೀತು ಬಿಳೀದರ ತುಂಬ, ಟೈಲ್ಸಿನ ಸಂದಿ ಹಿಡಕೊಂಡು,
ನನ್ನ ಹಲಗೀ ಕೆಳಗ ಹಾದು ಗಟಾರಕ್ಕ.
ಎಲ್ಲಾರೂ ನೋಡಿದ್ರು.

ಕತ್ತಲದಾಗಿಂದ ಮಾಬುಬಿ ದನಿ:
"ಹಂಗಲ್ಲವಾ. ಬಣ್ಣ ಕಚ್ಚಬೇಕಂದ್ರ ಉಪ್ಪು ಬೇಕು. ತಡಿ."
ಒಂದು ಕೈಯಾಗ ಉಪ್ಪು ಹಿಡಕೊಂಡು ಬಂದ್ಲು.
ಇನ್ನೊಂದು ಕೈಯಾಗ ನೂಲಿನ ಲಡಿ,
ತೊಟ್ಟಿಕ್ಕಿಕೊಂತ.

ಹಲಗಿ ಈಗ ನಮ್ಮ ಹಂಡೇದ ಮುಚ್ಚಳ.
ಖರ್ಚಿನ್ಯಾಗ ಬರದೀನಿ: ಹಲಗಿ, ಬಣ್ಣ, ನೂರಾ ಎಂಬತ್ತು.
ಕಲ್ಲು: ಏನೂ ಇಲ್ಲ.
ನಲವತ್ತು ರೂಪಾಯಿ ಇನ್ನೂ ತಾಳೆ ಆಗವಲ್ದು,
ಚಾದ್ದು ಇರಬೇಕು.